ಎಲ್ಲಿಗೂ ಹೋಗದವರ ತೂಕ

ಆ ಊರಿನಲ್ಲಿ ಜನ ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಮನೆ ಬೇರೆ ನಿಲ್ದಾಣಕ್ಕೆ ಹೋಗಿರುತ್ತಿತ್ತು. ಬೆಳಿಗ್ಗೆ ನವಲೂರಿನಲ್ಲಿ ಬೀಗ ಹಾಕಿ ಹೊರಟವರು ಸಂಜೆ ಸತ್ತೂರಿನಲ್ಲಿ ಇಳಿದು, ಅದೇ ಬೀಗ ತೆಗೆದು, ಅದೇ ಹೊಸ್ತಿಲ ಬಳಿ ಚಪ್ಪಲಿ ಬಿಡುತ್ತಿದ್ದರು. ಒಲೆಯ ಮೇಲಿನ ಹಾಲಿನ ಪಾತ್ರೆ ಇಟ್ಟಲ್ಲೇ ಇರುತ್ತಿತ್ತು. ಕಿಟಕಿಯ ಹೊರಗೆ ಮಾತ್ರ ಬೇರೆ ಆಕಾಶ.

ಹುಬ್ಬಳ್ಳಿ, ಧಾರವಾಡ ಎರಡೂ ಬೆಳೆದು ಒಂದಕ್ಕೊಂದು ಅಂಟಿಕೊಂಡ ಮೇಲೆ ಜನರ ದಿನದ ಕಾಲುಭಾಗ ರಸ್ತೆಯ ಮೇಲೇ ಕಳೆದುಹೋಗತೊಡಗಿತ್ತು. ಆಗ ವಾಸ-ಸಂಚಾರ ಮಂಡಳಿ ಎಂಬುದು ಹುಟ್ಟಿತು. ಅದು ಎರಡು ಊರುಗಳ ನಡುವೆ ಹಳಿಯ ಮೇಲೆ ಓಡುವ ಗಾಡಿಗಳ ಮಾರ್ಗದಲ್ಲಿ ಪ್ರತಿ ನಿಲ್ದಾಣದ ಮೇಲೆ ಮೂವತ್ತು ಅಂತಸ್ತಿನ ಉಕ್ಕಿನ ಚೌಕಟ್ಟು ಎಬ್ಬಿಸಿತು. ಚೌಕಟ್ಟಿನ ತುಂಬ ಖಾಲಿ ಗೂಡುಗಳು. ಮನೆಗಳನ್ನು ಕಾರ್ಖಾನೆಯಲ್ಲಿ ಮಾಡಿ ತಂದು, ಮೇಜಿನ ಡ್ರಾವರಿನ ಹಾಗೆ ಗೂಡಿನೊಳಕ್ಕೆ ಸರಿಸುತ್ತಿದ್ದರು. ನೀರು, ಕರೆಂಟು, ಚರಂಡಿ ಎಲ್ಲ ಹಿಂದಿನ ಗೋಡೆಯಲ್ಲಿ ತಾವಾಗಿಯೇ ಕಚ್ಚಿಕೊಳ್ಳುತ್ತಿದ್ದವು. ಯಾರ ಕೆಲಸ ಎಲ್ಲಿಯೋ ಅಲ್ಲಿಂದ ಹತ್ತು ನಿಮಿಷದೊಳಗೆ ಅವರ ಮನೆ ಇರಬೇಕು ಎಂಬುದು ಮಂಡಳಿ ಕೊಟ್ಟ ಮಾತು. ಕೆಲಸದ ಜಾಗ ಬದಲಾದರೆ ಮಧ್ಯಾಹ್ನದ ಹೊತ್ತು ಕ್ರೇನು ಬಂದು ಮನೆಯನ್ನು ಎಳೆದು, ಸರಕಿನ ಗಾಡಿಯ ಮೇಲಿಟ್ಟು, ಇನ್ನೊಂದು ಚೌಕಟ್ಟಿಗೆ ಸೇರಿಸುತ್ತಿತ್ತು. ನಿಮ್ಮ ಕೆಲಸ ಬದಲಾಗದಿದ್ದರೂ ಇನ್ನೊಬ್ಬರಿಗೆ ಜಾಗ ಮಾಡಿಕೊಡಲು ನಿಮ್ಮ ಮನೆ ಹೋಗಬೇಕಾಗುತ್ತಿತ್ತು. ಯಾರು ಎಲ್ಲಿಗೆ ಎಂದು ಲೆಕ್ಕ ಹಾಕುವುದು ಒಂದು ಯಂತ್ರ.

ಮೊದಮೊದಲು ಮನೆ ಹೊಸ ಜಾಗಕ್ಕೆ ಬಂದಿಳಿದಾಗ ಜನ ಅಕ್ಕಪಕ್ಕಕ್ಕೆ ಪೇಢೆ ಹಂಚಿದರು. ಆಮೇಲೆ ಅದು ನಿಂತಿತು. ಪಕ್ಕದ ಮನೆಯವರ ಹೆಸರು ಕಲಿಯುವಷ್ಟರಲ್ಲಿ ಪಕ್ಕದ ಮನೆಯೇ ಇರುತ್ತಿರಲಿಲ್ಲ.

ಕಸ್ತೂರಿ ಈ ಮನೆಗಳನ್ನು ಸಾಗಿಸುವ ನಿಯಂತ್ರಣ ಕೊಠಡಿಯಲ್ಲಿ ಕೆಲಸಕ್ಕಿದ್ದಳು. ಯಂತ್ರ ಹೇಳಿದ್ದನ್ನು ಕ್ರೇನುಗಳು ಸರಿಯಾಗಿ ಮಾಡುತ್ತಿವೆಯೇ ಎಂದು ಪರದೆಯ ಮುಂದೆ ಕುಳಿತು ನೋಡುವ ಕೆಲಸ. ವಯಸ್ಸು ಐವತ್ತು ದಾಟಿತ್ತು. ಗಂಡ ಫಕೀರಪ್ಪ ಇದೇ ಮಾರ್ಗದಲ್ಲಿ ಗಾಡಿ ಓಡಿಸಿದವನು. ಚಾಲಕರಿಲ್ಲದ ಗಾಡಿಗಳು ಬಂದು ಅವನ ಕೆಲಸ ಹೋಯಿತು. ಅದಾದ ಕೆಲವೇ ವರ್ಷಕ್ಕೆ ಸಕ್ಕರೆ ಕಾಯಿಲೆ ಅವನ ಕಣ್ಣುಗಳನ್ನೂ ತೆಗೆದುಕೊಂಡಿತು. ಕುರುಡುತನಕ್ಕೆ ಅವನು ನಿಧಾನವಾಗಿ ಒಗ್ಗಿಕೊಂಡ. ಮನೆಯೊಳಗೆ ಅವನಿಗೆ ಯಾರ ಹಂಗೂ ಬೇಕಿರಲಿಲ್ಲ; ಮನೆ ಯಾವ ಊರಿಗೆ ಹೋದರೂ ಒಳಗೆ ಎಲ್ಲ ಇದ್ದ ಹಾಗೇ ಇರುತ್ತಿತ್ತಲ್ಲ. ತೊಂದರೆ ಇದ್ದದ್ದು ಬಾಗಿಲಿನ ಆಚೆಗೆ.

ಎರಡು ವರ್ಷ ಅವರ ಮನೆ ಉಣಕಲ್ ಚೌಕಟ್ಟಿನಲ್ಲಿತ್ತು. ಅಷ್ಟು ದಿನ ಒಂದೇ ಕಡೆ ಇದ್ದದ್ದೇ ಅಪರೂಪ. ಅಲ್ಲಿ ಪಕ್ಕದ ಮನೆಯಲ್ಲಿದ್ದವಳು ಹುಸೇನಬಿ. ಚೌಕಟ್ಟಿನ ಬುಡದಲ್ಲಿ, ನಿಲ್ದಾಣದ ಮೆಟ್ಟಿಲಿನ ಪಕ್ಕ ಅವಳ ಹೊಲಿಗೆ ಅಂಗಡಿ. ಬೆಳಿಗ್ಗೆ ಅಂಗಡಿಗೆ ಇಳಿಯುವಾಗ ಕತ್ತರಿಯ ಹಿಡಿಯಿಂದ ಇವರ ಬಾಗಿಲು ತಟ್ಟಿ, "ಏಳ್ರಿ ಅಣ್ಣಾರ, ಚಾ ಆರತೈತಿ" ಎಂದು ಕರೆದು ಫಕೀರಪ್ಪನನ್ನು ಜೊತೆಗೆ ಕರೆದೊಯ್ಯುತ್ತಿದ್ದಳು. ಅವನು ಅಲ್ಲಿ ಕೂತು ಗುಂಡಿ ಹಚ್ಚುವುದನ್ನು ಕಲಿತ. ಅಂಗಡಿಗೆ ಬಂದವರ ಜೊತೆ ಮಳೆ, ರಾಜಕೀಯ, ಗಾಡಿಯ ಬ್ರೇಕು ಎಲ್ಲದರ ಬಗ್ಗೆ ವಾದ ಮಾಡಿ ಮಧ್ಯಾಹ್ನ ಮೇಲೆ ಬರುತ್ತಿದ್ದ.

ನಿಯಂತ್ರಣ ಕೊಠಡಿಯನ್ನು ಹುಬ್ಬಳ್ಳಿ ಕಡೆಯ ವಿದ್ಯಾನಗರದಿಂದ ಧಾರವಾಡಕ್ಕೆ ಸಾಗಿಸಿದ್ದೇ ಎಲ್ಲ ಬದಲಾಯಿತು. ಕಸ್ತೂರಿಯ ಮನೆ ಅವಳ ಹಿಂದೆಯೇ ಬಂತು. ಮೊದಲು ನವಲೂರು, ಆಮೇಲೆ ಗಾಂಧಿನಗರ. ಮನೆ ಸಾಗುವಾಗ ಫಕೀರಪ್ಪ ಒಳಗೇ ಇದ್ದ. ಮನೆಯಲ್ಲೇ ಇರುವವರಿಗೆಂದು ಗೋಡೆಗೆ ಹಚ್ಚಿದ ಕುರ್ಚಿಯಲ್ಲಿ ಪಟ್ಟಿ ಬಿಗಿದುಕೊಂಡು ಕುಳಿತಿದ್ದ.

ಗಾಂಧಿನಗರಕ್ಕೆ ಬಂದ ನಾಲ್ಕೈದು ದಿನಕ್ಕೆ ಆ ಘಟನೆ ನಡೆಯಿತು.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ ಕಸ್ತೂರಿ ಪರದೆಯ ಮುಂದೆ ಬಂದು ಕುಳಿತಿದ್ದಳು. ಅವತ್ತು ಗಾಂಧಿನಗರದ ಭಾಗ ಅವಳದೇ. ಹದಿನಾಲ್ಕನೆಯ ಅಂತಸ್ತಿನ ಒಂದು ಖಾಲಿ ಗೂಡಿಗೆ ಶಾಲೆಯ ಮಾಸ್ತರರೊಬ್ಬರ ಮನೆ ಬರುವುದಿತ್ತು. ಕ್ರೇನು ಮನೆಯನ್ನು ಎತ್ತಿಯಾಗಿತ್ತು. ಮನೆಗಳ ಮುಂದಿನ ಓಣಿಯಲ್ಲಿ ಆ ಗೂಡಿನ ಕಡೆಯ ಕದ ಮೇಲಕ್ಕೆ ಸರಿದಿತ್ತು; ಮನೆಯ ಬಾಗಿಲು ಓಣಿಗೆ ಸರಿಯಾಗಿ ಕೂಡಬೇಕೆಂದರೆ ಅದು ಮೊದಲೇ ಸರಿಯಬೇಕು. ಅಂಥ ಹೊತ್ತಿನಲ್ಲಿ ಹಿಂದೆಲ್ಲ ದೊಡ್ಡದಾಗಿ ಕಹಳೆ ಕೂಗುತ್ತಿತ್ತು. ದಿನವಿಡೀ ಆ ಸದ್ದು ಕೇಳಿ ತಲೆ ಸಿಡಿಯುತ್ತದೆಂದು ನಿವಾಸಿಗಳೇ ಅರ್ಜಿ ಹಾಕಿ ಅದನ್ನು ನಿಲ್ಲಿಸಿದ್ದರು. ಈಗ ಹಳದಿ ದೀಪ ಮಾತ್ರ ಮಿಣುಕುತ್ತಿತ್ತು.

ಪರದೆಯ ಮೂಲೆಯಲ್ಲಿ ಕೆಂಪು ಚೌಕ ಮೂಡಿತು. ಓಣಿಯಲ್ಲಿ ಮನುಷ್ಯ. ಕಸ್ತೂರಿ ಚಿತ್ರ ದೊಡ್ಡದು ಮಾಡಿದಳು. ಒಬ್ಬ ಗಂಡಸು ಎಡಗೈಯಿಂದ ಗೋಡೆ ಸವರುತ್ತ, ಬಲಗೈಯಲ್ಲಿ ಸ್ಟೀಲಿನ ಥರ್ಮಾಸು ಹಿಡಿದು ಬರುತ್ತಿದ್ದ. ನೀಲಿ ಚೌಕಳಿ ಅಂಗಿ. ಅಂದು ಬೆಳಿಗ್ಗೆ ಅವಳೇ ಮಡಿಕೆ ಬಿಡಿಸಿ ಕೊಟ್ಟ ಅಂಗಿ.

ನವಲೂರಿನಲ್ಲಿ ಬಾಗಿಲಿನಿಂದ ಎಡಕ್ಕೆ ಹೋದರೆ ಓಣಿಯ ಕೊನೆಗೆ ಚಹಾದಂಗಡಿ ಇತ್ತು. ಇಲ್ಲಿ ಎಡಕ್ಕೆ ಇದ್ದದ್ದು ತೆರೆದ ಗೂಡು, ಅದರ ಕೆಳಗೆ ಹದಿನಾಲ್ಕು ಅಂತಸ್ತಿನ ಗಾಳಿ.

ಮಾರ್ಗದ ಎಲ್ಲ ಕ್ರೇನುಗಳನ್ನು ಒಮ್ಮೆಗೇ ನಿಲ್ಲಿಸುವ ಗುಂಡಿಯೊಂದು ಪ್ರತಿ ಮೇಜಿನ ಮೇಲೂ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಕಸ್ತೂರಿ ಅದನ್ನು ಒತ್ತಿ, ಇನ್ನೊಂದು ಕೈಯಿಂದ ಓಣಿಯ ಧ್ವನಿವರ್ಧಕ ತೆರೆದಳು.

"ನಿಂದರ್ರಿ. ಅಲ್ಲೇ ನಿಂದರ್ರಿ."

ಫಕೀರಪ್ಪ ನಿಂತ. ತಲೆ ಎತ್ತಿದ. ಹೆಂಡತಿಯ ದನಿ ಚಾವಣಿಯಿಂದ ಬರುತ್ತಿತ್ತು.

"ಕಸ್ತೂರಿ? ಎಲ್ಲಿದ್ದಿ ನೀ?"

"ಆಫೀಸಿನ್ಯಾಗ ಅದೀನಿ. ಕಾಲು ಮುಂದ ಇಡಬ್ಯಾಡ್ರಿ. ಗ್ವಾಡಿ ಹಿಡಕೊಂಡು ಹಿಂದಕ್ಕ ಬರ್ರಿ. ಹಂಗ. ಇನ್ನೂ ಬರ್ರಿ."

"ಮುಂದ ಏನೈತಿ?"

"ಏನೂ ಇಲ್ಲ," ಎಂದಳು ಕಸ್ತೂರಿ. ಅದು ನಿಜವೇ ಆಗಿತ್ತು.

ಓಣಿ ಗುಡಿಸುವ ಹೆಂಗಸೊಬ್ಬಳು ಓಡಿಬಂದು ಅವನನ್ನು ಹಿಡಿದು ಕರೆದೊಯ್ದಳು. ಮಾಸ್ತರರ ಮನೆ ಸಂಜೆಯವರೆಗೆ ಕ್ರೇನಿನಲ್ಲಿ ತೂಗುತ್ತಿತ್ತು. ಒಳಗಿದ್ದ ಅವರ ತಾಯಿಗೆ ವಾಂತಿಯಾಯಿತು. ನಿಂತ ಕ್ರೇನುಗಳನ್ನು ಒಂದೊಂದಾಗಿ ಪರೀಕ್ಷಿಸಿಯೇ ಮತ್ತೆ ಬಿಡಬೇಕೆಂಬ ನಿಯಮ. ಎಷ್ಟೋ ಮನೆಗಳು ದಾರಿಯಲ್ಲೇ ಉಳಿದವು. ಕೆಲಸ ಮುಗಿಸಿ ಬಂದ ಜನ ಮನೆ ಯಾವ ನಿಲ್ದಾಣದಲ್ಲಿದೆ ಎಂದು ತಿಳಿಯದೆ ಪ್ಲಾಟ್‌ಫಾರ್ಮಿನ ಮೇಲೆ ಚೀಲ ಇಟ್ಟುಕೊಂಡು ಕುಳಿತರು.

ಅವಳು ಮನೆಗೆ ಬಂದಾಗ ಫಕೀರಪ್ಪ ಮಂಚದ ಮೇಲೆ ಕುಳಿತಿದ್ದ. ಥರ್ಮಾಸು ತೊಡೆಯ ಮೇಲೇ ಇತ್ತು.

"ಗಾಂಧಿನಗರ ಅನ್ನೂದು ಗೊತ್ತಿತ್ತು ನನಗ," ಎಂದ. "ಊಟ ಮಾಡಿ ಸ್ವಲ್ಪ ಕಣ್ಣು ಹತ್ತಿತ್ತು. ಎದ್ದಾಗ ಮರತೆ. ಕಾಲಿಗೆ ನವಲೂರೇ ನೆನಪಿತ್ತು."

"ಹೋಗಲಿ ಬಿಡ್ರಿ."

"ನಾಳಿಂದ ಹೊರಗ ಹೋಗಂಗಿಲ್ಲ ನಾ."

ಅವಳಿಗೆ ರೊಟ್ಟಿ ಬಡಿಯುವ ಶಕ್ತಿ ಇರಲಿಲ್ಲ. ಅನ್ನಕ್ಕೆ ಇಟ್ಟು, ಒಲೆಯ ಮುಂದೆ ನೆಲಕ್ಕೆ ಕುಳಿತಳು.

ಫಕೀರಪ್ಪ ಹೇಳಿದ ಹಾಗೇ ಮಾಡಿದ. ಮಳೆಗಾಲ ಮುಗಿಯುವವರೆಗೆ ಹೊಸ್ತಿಲು ದಾಟಲಿಲ್ಲ. ಮೊದಲು ರೇಡಿಯೊ ಕೇಳುತ್ತಿದ್ದ, ಆಮೇಲೆ ಅದನ್ನೂ ಹಚ್ಚುವುದು ಬಿಟ್ಟ. ಗಡ್ಡ ಬೆಳೆಯಿತು. ಸಂಜೆ ಕಸ್ತೂರಿ ಬಂದಾಗ, "ಇವತ್ತ ಎಷ್ಟು ಮನಿ ಸಾಗಿಸಿದ್ರಿ?" ಎಂದು ತಮಾಷೆ ಮಾಡುತ್ತಿದ್ದವನು ಈಗ, "ಬಂದ್ಯಾ" ಎಂದಷ್ಟೇ ಕೇಳುತ್ತಿದ್ದ. ಹುಸೇನಬಿ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಅವನು ಹೂಂ, ಹಾಂ ಎಂದು ಇಡುತ್ತಿದ್ದ.

"ಅಣ್ಣಾರ ದನಿ ಸಣ್ಣ ಆಗೇತ್ರಿ ಅಕ್ಕಾರ," ಎಂದಳು ಹುಸೇನಬಿ ಒಮ್ಮೆ ಕಸ್ತೂರಿಗೆ. "ಇಲ್ಲಿ ಇದ್ದಾಗ ಅಂಗಡಿಗೆ ಬಂದವರಿಗೆ ನನ್ನ ಮಾತೇ ಕೇಳಸ್ತಿದ್ದಿಲ್ಲ."

ಕಸ್ತೂರಿ ಮುಖ್ಯ ಎಂಜಿನಿಯರ್ ಜಯತೀರ್ಥ ಕಟ್ಟಿಯವರ ಕೋಣೆಗೆ ಹೋದಳು. ಕಟ್ಟಿಯವರು ಕೆಟ್ಟ ಮನುಷ್ಯರಲ್ಲ. ಮಾರ್ಗವನ್ನೆಲ್ಲ ನಿಲ್ಲಿಸಿದ್ದಕ್ಕೆ ಮೇಲಿನವರು ಉತ್ತರ ಕೇಳಿದಾಗ, ನಿಲ್ಲಿಸದಿದ್ದರೆ ನಾನೇ ಅವಳಿಂದ ಉತ್ತರ ಕೇಳುತ್ತಿದ್ದೆ ಎಂದು ಬರೆದು ಕಳಿಸಿದ್ದರು. ಕಹಳೆಯನ್ನೂ ಮತ್ತೆ ಹಚ್ಚಿಸಿದ್ದರು. ಆದರೆ ಅವರ ಕಣ್ಣ ಕೆಳಗೂ ಕಪ್ಪಾಗಿತ್ತು.

"ನಮ್ಮ ಮನಿ ಉಣಕಲ್‌ಗೆ ಹಾಕಸ್ರಿ ಸರ್. ನನಗ ದೂರ ಆದ್ರೂ ನಡೀತೈತಿ."

"ಯಂತ್ರ ಒಪ್ಪೂದಿಲ್ರಿ ಕಸ್ತೂರಿಯವರ." ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು. "ಪ್ರತಿ ಮನಿಗೂ ಒಂದು ತೂಕ ಅದ. ಮನ್ಯಾಗಿನ ಮಂದಿ ದಿನಾ ಎಲ್ಲಿಂದ ಎಲ್ಲಿಗೆ ಹೋಗ್ತಾರ, ಎಷ್ಟು ಸಲ ಹೋಗ್ತಾರ, ಅದರ ಮ್ಯಾಲ ಆ ತೂಕ. ನಿಲ್ದಾಣದಾಗ ಕಾರ್ಡು ಮುಟ್ಟಿಸಿದಾಗ ಅದಕ್ಕ ಗೊತ್ತಾಗ್ತದ. ನಿಮ್ಮ ಮನ್ಯಾಗ ನಿಮ್ಮ ಹೆಸರಿನ ಮುಂದ ತೂಕ ಅದ. ಅವರ ಹೆಸರಿನ ಮುಂದ ಸೊನ್ನಿ."

"ಅವರು ಇಡೀ ದಿನ ಆ ಮನ್ಯಾಗ ಇರ್ತಾರ. ನಾ ಮಲಗಾಕ ಬರ್ತೀನಿ ಅಷ್ಟ."

"ಖರೆ. ಆದ್ರ ಇದು ಇರೂದನ್ನ ಎಣಸೂದಿಲ್ಲ, ಹೋಗೂದನ್ನ ಎಣಸ್ತದ. ನಾವ ಹಂಗ ಕಟ್ಟೀವಿ." ಕಟ್ಟಿಯವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಆಗ ರಸ್ತಾದ ಮ್ಯಾಲ ಮಂದಿ ಸಾಯ್ತಿದ್ರು. ಮನ್ಯಾಗ ಕೂತವರ ವಿಚಾರ ಯಾರ ತಲಿಗೂ ಬರಲಿಲ್ಲ."

ಅಂದು ಸಂಜೆ ಕಸ್ತೂರಿ ಬಹಳ ದಣಿದಿದ್ದಳು. ಫಕೀರಪ್ಪ ಊಟ ಬೇಡ ಎಂದು ತಟ್ಟೆ ಸರಿಸಿದ. ಅವಳಿಗೆ ತಡೆಯಲಾಗಲಿಲ್ಲ.

"ಏನ ಮಾಡ್ಲಿ ನಾ? ಕೇಳಿ ಬಂದೀನಿ. ನೀವು ಎಲ್ಲಿಗೂ ಹೋಗಂಗಿಲ್ಲ, ಕಾರ್ಡು ಮುಟ್ಟಸಂಗಿಲ್ಲ. ಅದಕ್ಕ ಯಂತ್ರಕ್ಕ ನೀವು ಕಾಣಸಂಗಿಲ್ಲಂತ. ನಿಮಗ ತೂಕ ಇಲ್ಲಂತ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ಸಿಟ್ಟಾಗಲಿಲ್ಲ. "ಹೌದೇನ," ಎಂದ. ಸ್ವಲ್ಪ ಹೊತ್ತಿನ ಮೇಲೆ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡ.

ಮಾರನೆಯ ವಾರ ಒಂದು ಮುಂಜಾನೆ ನಿಯಂತ್ರಣ ಕೊಠಡಿಗೆ ಹುಸೇನಬಿಯ ಫೋನು ಬಂತು.

"ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಅಣ್ಣಾರು ನನ್ನ ಅಂಗಡ್ಯಾಗ ಅದಾರ. ಚಾ ಕುಡಿಯಾಕತ್ಯಾರ."

ಕಸ್ತೂರಿಗೆ ಅರ್ಥವಾಗಲಿಲ್ಲ. ಗಾಂಧಿನಗರದಿಂದ ಉಣಕಲ್ ಎಂದರೆ ಮಾರ್ಗದ ಬಹುಪಾಲು. ಫಕೀರಪ್ಪ ಫೋನು ಇಸಿದುಕೊಂಡ.

"ಓಣಿ ಗುಡಸೋ ಹೆಣ್ಮಗಳಿಗೆ ಹೇಳಿ ಲಿಫ್ಟಿನ ತನಕ ಕರಕೊಂಡು ಹೋಗು ಅಂದೆ. ಆಕಿ ಗಾಡಿಯೊಳಗ ಕೂಡಿಸಿ ಹೋದ್ಲು. ಅಲ್ಲಿಂದ ನನಗ ಯಾರೂ ಬ್ಯಾಡ."

"ಉಣಕಲ್ ಬಂದದ್ದು ಹ್ಯಾಂಗ ಗೊತ್ತಾತು? ಗಾಡ್ಯಾಗ ಅಷ್ಟು ಗದ್ದಲ ಇರ್ತೈತಿ."

"ಇಪ್ಪತ್ತು ವರ್ಷ ಓಡಿಸೀನಿ. ನವಲೂರ ಏರಿನ್ಯಾಗ ಬೆನ್ನು ಹಿಂದಕ್ಕ ಒತ್ತತೈತಿ. ರಾಯಾಪುರದ ತಿರುವಿನ್ಯಾಗ ಮೈ ಬಲಕ್ಕ ವಾಲತೈತಿ. ಆಮ್ಯಾಲ ಕೆರಿ ಗಾಳಿ ಬರತೈತಿ." ಅವನು ಚಹಾ ಹೀರಿದ ಸದ್ದು ಕೇಳಿಸಿತು. "ಮನಿ ಓಡ್ಯಾಡತಾವ ಕಸ್ತೂರಿ. ಹಳಿ ಇದ್ದಲ್ಲೇ ಅದಾವ." ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ ಕೇಳಿದ, "ಕಾರ್ಡು ಮುಟ್ಟಿಸೀನಿ. ಈಗ ಕಾಣಸ್ತೀನಲ್ಲ ಅದಕ್ಕ?"

ಅಂದಿನಿಂದ ಅವನು ದಿನಾ ಹೊರಟ. ಗಡ್ಡ ತೆಗೆಸಿದ. ಬೆಳಿಗ್ಗೆ ಹೆಂಡತಿ ಧಾರವಾಡದ ಕಡೆ, ಗಂಡ ಹುಬ್ಬಳ್ಳಿಯ ಕಡೆ. ಒಂದು ಹಬ್ಬ ಕಳೆದು ಇನ್ನೊಂದು ಹಬ್ಬ ಬಂತು. ಯಂತ್ರ ಅವಸರ ಮಾಡುವುದಲ್ಲ. ಒಬ್ಬ ಮನುಷ್ಯ ನಿಜವಾಗಿಯೂ ಒಂದು ಕಡೆ ಹೋಗುತ್ತಾನೆಂದು ನಂಬಲು ಅದಕ್ಕೆ ಬಹಳ ದಿನ ಬೇಕು. ನಡುವೆ ಅವನಿಗೆ ಜ್ವರ ಬಂತು. ಬೇಡ ಅಂದರೂ ಹೋದ. "ಒಂದು ದಿನ ತಪ್ಪಿದ್ರ ಮರತುಬಿಡತೈತಿ ಅದು," ಎಂದ. ಸಂಜೆ ಬಂದು ಕಾಲು ಚಾಚಿ ಮಲಗಿದರೆ ಪಾದಗಳು ಊದಿರುತ್ತಿದ್ದವು. ಕಸ್ತೂರಿ ಬಿಸಿ ನೀರಿನ ಪಾತ್ರೆ ತಂದಿಡುತ್ತಿದ್ದಳು. ನೆರೆಮನೆಯವಳ ಪಕ್ಕ ಇರುವುದಕ್ಕೆ ಒಬ್ಬ ಕುರುಡ ಇಷ್ಟು ತಿರುಗಬೇಕೆ ಎಂದು ಅವಳಿಗೆ ಅನಿಸುತ್ತಿತ್ತು.

ಕಾರ್ಡು ಮುಟ್ಟಿಸಿ ತೂಕ ಗಳಿಸುವ ಮಾತು ಹುಸೇನಬಿಯ ಅಂಗಡಿಯಲ್ಲಿ ಮುಚ್ಚಿಟ್ಟರೆ ಉಳಿಯುತ್ತದೆಯೇ? ಬಟ್ಟೆ ಹೊಲಿಸಲು ಬಂದವರು ಕೇಳಿದರು, ಅವರು ಇನ್ನೊಬ್ಬರಿಗೆ ಹೇಳಿದರು. ಚಳಿಗಾಲ ಬರುವ ಹೊತ್ತಿಗೆ ಗಾಡಿಗಳಲ್ಲಿ ಹೊಸ ಜನ ಕಾಣಿಸಿಕೊಂಡರು. ಮುದುಕರು, ಮುದುಕಿಯರು, ಕೂಸುಗಳನ್ನು ಎತ್ತಿಕೊಂಡ ಹೆಂಗಸರು, ಊರುಗೋಲಿನವರು. ಎಲ್ಲರೂ ಬೆಳಿಗ್ಗೆ ಹೊರಟು ತಮಗೆ ಬೇಕಾದ ಒಬ್ಬರು ಇರುವ ನಿಲ್ದಾಣಕ್ಕೆ ಹೋಗಿ, ಕಾರ್ಡು ಮುಟ್ಟಿಸಿ, ಸಂಜೆ ಮರಳುತ್ತಿದ್ದರು.

ಕಸ್ತೂರಿ ಒಮ್ಮೆ ರಜೆ ಹಾಕಿ ಗಂಡನ ಜೊತೆ ಹೋದಳು. ಕೂರಲು ಜಾಗ ಸಿಕ್ಕಿದ್ದು ಅವನಿಗೆ ಮಾತ್ರ. ಅವಳ ಪಕ್ಕದಲ್ಲಿ ಆಸ್ಪತ್ರೆಯ ನರ್ಸೊಬ್ಬಳು ಮೇಲಿನ ಹಿಡಿಕೆಗೆ ಕೈ ಸಿಕ್ಕಿಸಿ ನಿಂತೇ ನಿದ್ದೆ ಹೋಗಿದ್ದಳು. ಸತ್ತೂರು ಬಂತು, ಬಾಗಿಲು ಮುಚ್ಚಿತು, ಹುಡುಗಿ ಬೆಚ್ಚಿ ಕಣ್ಣು ಬಿಟ್ಟು ಹಿಂದೆ ನೋಡಿದಳು. ಇಳಿಯಬೇಕಾದದ್ದು ಅಲ್ಲೇ ಇತ್ತೆಂದು ಕಾಣುತ್ತದೆ. ಎದುರಿನ ಸೀಟಿನಲ್ಲಿ ಕುಳಿತ ಮುದುಕಿ ಕಸ್ತೂರಿಯನ್ನು ಮಾತಿಗೆಳೆದಳು.

"ಅಮರಗೋಳದಾಗ ಮಗಳ ಮನಿ ಐತ್ರಿ. ನಮ್ಮ ಮನಿ ಅದರ ಹತ್ರ ಬರಲಿ ಅಂತ ದಿನಾ ತಿರಗತೀನಿ. ಮಣಕಾಲು ಭಾಳ ನೋಯ್ತಾವ." ನರ್ಸನ್ನು ನೋಡಿ ದನಿ ತಗ್ಗಿಸಿದಳು. "ಈ ಹುಡುಗಿಗೆ ಜಾಗಾ ಬಿಟ್ಟುಕೊಡಬೇಕು ಅನಸತೈತಿ. ಎದ್ದು ನಿಂತ್ರ ಬಿದ್ದುಬಿಡ್ತೀನಿ ನಾ."

ಸಂಕ್ರಾಂತಿಯ ಮುನ್ನ ಕಟ್ಟಿಯವರು ಕಸ್ತೂರಿಯನ್ನು ಕರೆದರು.

"ಗಾಡಿ ತುಂಬ್ಯಾವ. ಹೊಸ ಗಾಡಿ ಬಿಡಲಿಕ್ಕೆ ಹಳಿ ಮ್ಯಾಲ ಜಾಗಾ ಇಲ್ಲ. ಕೆಲಸ ಇಲ್ಲದ ಮಂದಿ ಓಡಾಡೂದನ್ನ ಲೆಕ್ಕದಾಗಿಂದ ತಗೀರಿ ಅಂತ ಮ್ಯಾಲಿಂದ ಹೇಳ್ಯಾರ. ಯಂತ್ರಕ್ಕ ಅದನ್ನ ಕಲಸೂ ಕೆಲಸ ನಿಮ್ಮ ವಿಭಾಗದ್ದು."

"ನಮ್ಮ ಮನಿಯವರೂ ಅದರಾಗ ಅದಾರ ಸರ್."

"ಗೊತ್ತದ. ಅವರಿಂದನ ಸುರು ಆತು ಅನ್ನೂದೂ ಗೊತ್ತದ." ಅವರು ನಿಟ್ಟುಸಿರು ಬಿಟ್ಟರು. "ತಪ್ಪು ಅನ್ನೂದಿಲ್ಲ ನಾ. ಆದ್ರ ದುಡಿಯಾವ್ರು ನಿಂತು ಹೋಗ್ಲಿಕತ್ತಾರ. ಅದೂ ತಪ್ಪಲ್ಲೇನು?"

ಕಸ್ತೂರಿಗೆ ಆ ನರ್ಸಿನ ಮುಖ ನೆನಪಾಯಿತು, ಮುದುಕಿಯದೂ ನೆನಪಾಯಿತು. ಇಬ್ಬರಲ್ಲಿ ಯಾರನ್ನೂ ತೆಗೆದುಹಾಕಲು ಅವಳಿಂದ ಆಗಲಿಲ್ಲ.

"ಅವರನ್ನ ಅಳಿಸಿದ್ರ ಮತ್ತ ಮನ್ಯಾಗ ಕೂಡತಾರ," ಎಂದಳು ನಿಧಾನಕ್ಕೆ, ಆಡುತ್ತಲೇ ಯೋಚಿಸುತ್ತ. "ಬಿಟ್ರ ಹಿಂಗ ತಿರಗತಾರ. ಸರ್, ಅವರು ತಿರಗೋದು ತೂಕಕ್ಕ. ನನ್ನ ತೂಕ ಅವರಿಗೆ ಕೊಡಾಕ ಬರತೈತೇನ್ರಿ?"

"ಅಂದ್ರ?"

"ನಮ್ಮ ಮನಿ ತೂಕ ಈಗ ಎಷ್ಟೈತೋ ಅಷ್ಟೇ ಇರಲಿ. ಅದು ನನ್ನ ಹೆಸರಿಗೆ ಐತಿ. ಅವರ ಹೆಸರಿಗೆ ಮಾಡ್ರಿ. ನನ್ನ ಹತ್ತು ನಿಮಿಷದ ಮಾತು ಬಿಟ್ಟುಕೊಡ್ತೀನಿ. ಮನಿ ಅವರಿಗೆ ಬೇಕಾದಲ್ಲಿ ಇರಲಿ, ನಾ ಹೋಗಿ ಬಂದು ಮಾಡ್ತೀನಿ. ಅವರು ತಿರಗೋದು ತಪ್ಪತೈತಿ, ಒಂದು ಸೀಟು ಖಾಲಿ ಆಗತೈತಿ."

"ಮತ್ತ ನೀವು ಗಾಡಿ ಹತ್ತತೀರಲ್ಲ?"

"ಹೂನ್ರಿ. ನಾ ನಿಂತು ಹೋಗ್ತೀನಿ. ನನ್ನ ಮಣಕಾಲು ಇನ್ನೂ ಗಟ್ಟಿ ಅದಾವ."

ಕಟ್ಟಿಯವರು ಬಾಗಿಲಿನ ಆಚೆ ನೋಡಿದರು. ಹೊರಗೆ ಪರದೆಗಳ ಸಾಲಿನಲ್ಲಿ ಮನೆಗಳು ಒಂದೊಂದಾಗಿ ಸರಿಯುತ್ತಿದ್ದವು.

"ಯಾರು ಕೊಡತಾರ ಹಿಂಗ?" ಎಂದರು. "ಈ ಊರು ಕಟ್ಟಿದ್ದೇ ಆ ಹತ್ತು ನಿಮಿಷಕ್ಕ. ಎಲ್ಲಾರೂ ದಣದಾರ ಕಸ್ತೂರಿಯವರ."

"ಯಾರೂ ಕೊಡದಿದ್ರ ನಾ ಒಬ್ಬಾಕಿ ಕೊಟ್ಟಂಗ ಆತು."

ಮೇಲಿನವರನ್ನು ಒಪ್ಪಿಸಲು ಕಟ್ಟಿಯವರಿಗೆ ಬೇಸಿಗೆಯವರೆಗೆ ಹಿಡಿಯಿತು. ಒಂದು ವರ್ಷದ ಮಟ್ಟಿಗೆ, ಪ್ರಯೋಗವೆಂದು, ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ಆ ಮಂದಿಯ ಓಡಾಟವನ್ನು ಲೆಕ್ಕದಿಂದ ತೆಗೆಯುವ ಕೆಲಸ ಏನೇನೋ ಕಾರಣಕ್ಕೆ ಮುಂದಕ್ಕೆ ಹೋಗುತ್ತಲೇ ಇತ್ತು. ಕಸ್ತೂರಿ ಅದನ್ನು ಮುಂದೂಡುತ್ತಿದ್ದಾಳೆಂದು ಕಟ್ಟಿಯವರಿಗೆ ತಿಳಿದಿತ್ತು. ಅವರು ಒಮ್ಮೆಯೂ ಕೇಳಲಿಲ್ಲ.

ಹೊಸ ನಿಯಮಕ್ಕೆ ಮೊದಲ ತಿಂಗಳು ಮುಂದೆ ಬಂದವರು ಬೆರಳೆಣಿಕೆಯಷ್ಟು. ಆಮೇಲೆ ಸ್ವಲ್ಪ ಹೆಚ್ಚಿದರು. ಊರೇ ಬದಲಾಗಲಿಲ್ಲ. ಅಮರಗೋಳದ ಮಗಳ ಹತ್ತಿರ ಹೋಗಬೇಕೆಂದಿದ್ದ ಮುದುಕಿಗೆ ಮನೆಯವರು ಯಾರಾದರೂ ತೂಕ ಬಿಟ್ಟುಕೊಟ್ಟರೋ ಇಲ್ಲವೋ ಕಸ್ತೂರಿಗೆ ತಿಳಿಯಲೇ ಇಲ್ಲ. ಅವಳ ಹೆಸರನ್ನು ಕೇಳಿಟ್ಟುಕೊಂಡಿರಲಿಲ್ಲ. ಗಾಡಿಗಳಲ್ಲಿ ನೂಕುನುಗ್ಗಲು ಮಾತ್ರ ಒಂದಿಷ್ಟು ಇಳಿಯಿತು. ಒಂದು ದಿನ ಕಟ್ಟಿಯವರು ಪರದೆ ನೋಡುತ್ತ, "ತೂಕ ಬಿಟ್ಟುಕೊಟ್ಟವರೊಳಗ ಮುಕ್ಕಾಲು ಪಾಲು ಹೆಣ್ಣುಮಕ್ಕಳ ಅದಾರ ನೋಡ್ರಿ," ಎಂದು ಆಶ್ಚರ್ಯಪಟ್ಟರು.

ಕಸ್ತೂರಿಗೆ ಆಶ್ಚರ್ಯವಾಗಲಿಲ್ಲ. ಅವರಲ್ಲಿ ಎಷ್ಟು ಮಂದಿ ತಾವಾಗಿ ಕೊಟ್ಟರು, ಎಷ್ಟು ಮಂದಿಯಿಂದ ಮನೆಯವರು ಕೊಡಿಸಿದರು ಎಂದು ಅವಳು ಆಗಾಗ ಯೋಚಿಸುತ್ತಿದ್ದಳು. ಅದಕ್ಕೊಂದು ತಡೆ ಬೇಕು, ಬಿಟ್ಟುಕೊಡುವವರನ್ನು ಒಬ್ಬರನ್ನೇ ಕೂರಿಸಿ ಕೇಳಬೇಕು ಎಂದು ಕಟ್ಟಿಯವರಿಗೆ ಹೇಳಿದಳು. ಅವರು ಅದನ್ನೂ ಮೇಲಕ್ಕೆ ಕಳಿಸಿದರು.

ಮನೆ ಉಣಕಲ್‌ಗೆ ಹೋದ ದಿನ ಕಸ್ತೂರಿ ಕೆಲಸದಲ್ಲಿದ್ದಳು. ಗಾಂಧಿನಗರದ ಗೂಡಿನಿಂದ ತನ್ನದೇ ಮನೆ ಹೊರಗೆ ಬಂದು, ಸರಕಿನ ಗಾಡಿಯ ಮೇಲೆ ಕೂತು, ಬಿಸಿಲಿನಲ್ಲಿ ಸಣ್ಣದಾಗುತ್ತ ಹೋಗುವುದನ್ನು ಪರದೆಯಲ್ಲಿ ನೋಡಿದಳು. ಒಳಗೆ ಗಂಡ ಪಟ್ಟಿ ಬಿಗಿದುಕೊಂಡು ಕೂತು ತಿರುವುಗಳನ್ನು ಎಣಿಸುತ್ತಿರಬಹುದು ಎಂದುಕೊಂಡಳು. ಹುಸೇನಬಿಯ ಪಕ್ಕದ ಗೂಡು ಸಿಕ್ಕಿರಲಿಲ್ಲ. ಎರಡು ಅಂತಸ್ತು ಮೇಲೆ ಸಿಕ್ಕಿತ್ತು. ಹುಸೇನಬಿ ಮೊಣಕೈಗೆ ಚೀಲ ಸಿಕ್ಕಿಸಿಕೊಂಡು ಬೆಳಿಗ್ಗೆ ಎರಡು ಅಂತಸ್ತು ಹತ್ತಿ ಬಂದು ಕರೆದೊಯ್ಯತೊಡಗಿದಳು. ಅಂಗಡಿಯ ಹೆಸರಿನಲ್ಲಿ ಅವನಿಗೆ ಗುಂಡಿ ಹಚ್ಚುವ ಕೆಲಸವನ್ನೂ ಮಂಡಳಿಯ ಲೆಕ್ಕದಲ್ಲಿ ಬರೆಸಿದಳು.

ಕಸ್ತೂರಿಯ ದಿನ ಉದ್ದವಾಯಿತು. ಬೆಳಿಗ್ಗೆ ಬೇಗ ಏಳಬೇಕು, ಗಾಡಿಯಲ್ಲಿ ಅರ್ಧ ಗಂಟೆಗೂ ಮೇಲೆ ನಿಲ್ಲಬೇಕು, ಸಂಜೆ ಮತ್ತೆ ಅಷ್ಟೇ. ತ್ಯಾಗ ಮಾಡಿದೆ ಎಂಬ ಸಮಾಧಾನವೇನೂ ಅವಳಿಗೆ ಇರಲಿಲ್ಲ. ಕೆಲವು ದಿನ ನವಲೂರು ದಾಟುವಾಗ, ಇಷ್ಟು ಹೊತ್ತಿಗೆ ಮನೆಯಲ್ಲಿ ಇರುತ್ತಿದ್ದೆ ಎನ್ನಿಸುತ್ತಿತ್ತು. ಮನೆಗೆ ಬಂದು ಮಾತಾಡದೆ ಉಂಡು ಮಲಗಿದ ದಿನಗಳಿದ್ದವು. ಫಕೀರಪ್ಪ ಅಂಗಡಿಯಲ್ಲಿ ಆದದ್ದನ್ನೆಲ್ಲ ಹೇಳುತ್ತಿರುವಾಗ ನಡುವೆಯೇ ಅವಳಿಗೆ ನಿದ್ದೆ ಬಂದಿರುತ್ತಿತ್ತು.

ಆಷಾಢದ ಒಂದು ಸಂಜೆ ರಾಯಾಪುರದ ಹತ್ತಿರ ಹಳಿಯ ಮೇಲೆ ಮರದ ಕೊಂಬೆ ಬಿದ್ದು ಗಾಡಿ ನಿಂತುಬಿಟ್ಟಿತು. ಉಣಕಲ್‌ನಲ್ಲಿ ಇಳಿದು ಮೆಟ್ಟಿಲ ಬುಡಕ್ಕೆ ಬಂದಾಗ ಕಸ್ತೂರಿಯ ಕಾಲುಗಳು ಮರದ ತುಂಡಿನಂತಾಗಿದ್ದವು. ಹುಸೇನಬಿ ಅಂಗಡಿಯ ಬಾಗಿಲು ಅರ್ಧ ಎಳೆದು ನಿಂತಿದ್ದಳು. ಹೊರಗಿನ ಬೆಂಚಿನ ಮೇಲೆ ಫಕೀರಪ್ಪ ಮಡಿಲಲ್ಲಿ ಕೈ ಇಟ್ಟುಕೊಂಡು, ಮುಖ ಮೆಟ್ಟಿಲಿನ ಕಡೆ ಮಾಡಿ ಕುಳಿತಿದ್ದ.

"ರಾಯಾಪುರದಾಗ ನಿಂತಿತ್ತೇನ?" ಎಂದ, ಅವಳು ಬಾಯಿ ತೆರೆಯುವ ಮೊದಲೇ.

"ಹೂಂ. ನಾ ಬಂದದ್ದು ಹ್ಯಾಂಗ ಗೊತ್ತಾತು?"

"ನಿನ್ನ ಚಪ್ಪಲಿ ಸಪ್ಪಳ."

"ಬಾಗಲಾ ಹಾಕತೀನಿ, ಮ್ಯಾಲ ಹೋಗೂಣು ಅಂತ ಆಗಿಂದ ಹೇಳಾಕತ್ತೀನಿ," ಎಂದಳು ಹುಸೇನಬಿ. "ಕೇಳಾಂಗಿಲ್ಲ. ಒಂದೊಂದು ಗಾಡಿ ಬಂದಾಗೂ ಎದ್ದು ನಿಂತ್ರು, ನೀವು ಬರಲಿಲ್ಲ ಅಂತ ಮತ್ತ ಕುಂತ್ರು. ದಿನಾ ಇದೇ ಆತು ನೋಡ್ರಿ ಇವರದು."

ಕೆಲಸದಿಂದ ಹತ್ತು ನಿಮಿಷಕ್ಕೆ ಮನೆ ಸೇರುತ್ತಿದ್ದ ಅಷ್ಟು ವರ್ಷಗಳಲ್ಲಿ ಕಸ್ತೂರಿಗಾಗಿ ಯಾರೂ ಕಾದದ್ದಿಲ್ಲ. ಕಾಯುವಷ್ಟು ದೂರವೇ ಇರಲಿಲ್ಲ.

"ಕಾಲು ನೋಯ್ತಾವೇನ?" ಎಂದು ಕೇಳಿದ ಫಕೀರಪ್ಪ.

"ನೋಯ್ತಾವ."

"ಹಂಗಾದ್ರ ಸ್ವಲ್ಪ ಕುಂದರು. ಮ್ಯಾಲ ಆಮ್ಯಾಲ ಹೋದ್ರಾತು."

ಅವನು ಕೈಯಿಂದ ಬೆಂಚನ್ನು ಸವರಿ, ಒಂದು ಬದಿಗೆ ಸರಿದು ಜಾಗ ಮಾಡಿದ. ಕಸ್ತೂರಿ ಚೀಲ ಕೆಳಗಿಟ್ಟು ಕುಳಿತಳು.